ಹಾಡು ನಿಲ್ಲಿಸಿದ ತಾರಸಿ

ಗಾರೆ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು ಸಿಮೆಂಟಿಗೆ ಮರಳು ಎಷ್ಟು ಸೇರಿಸಬೇಕು ಎಂದು. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ಕರಣೆ ಹಿಡಿಯುವುದು, ತೂಗುಗುಂಡು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವುದು, ಇವೆಲ್ಲ ನಾಲ್ಕು ಮಳೆಗಾಲ ಕಳೆಯುವುದರೊಳಗೆ ಕೈಗೆ ತಾವಾಗಿ ಬರುತ್ತವೆ. ಕೆಲಸ ಕೆಟ್ಟಾಗ ಬಾಯಿಂದ ಏನು ಹೊರಡಬೇಕು ಎನ್ನುವುದು ಮಾತ್ರ ತಾನಾಗಿ ಬರುವುದಿಲ್ಲ. ನಾನು ಅದನ್ನು ಕಲಿತದ್ದು ಭದ್ರಾವತಿಯ ಒಂದು ಹಳೇ ಶಾಲೆಯಲ್ಲಿ, ನನ್ನ ಒಡಹುಟ್ಟಿದ ಅಕ್ಕನ ಹೆಸರು ಕೆಡಿಸಿದ ಮೇಲೆ. ಈಗ ಕರಣೆ ಕೆಳಗಿಟ್ಟು ಮನೆಯಲ್ಲಿ ಕೂತಿದ್ದೇನೆ. ಹೇಳಿಬಿಡುವುದು ಒಳ್ಳೆಯದು.

ನಾನು ಶಿವಮೊಗ್ಗದ ಕೋಟೆಯವನು. ಅಪ್ಪ ಗಾರೆ ಕೆಲಸದವನೇ. ಅವನು ತೀರಿಕೊಂಡಾಗ ಅಕ್ಕ ಗಿರಿಜೆ ಬಾಂಡ್ಲಿ ಹೊರಲು ಹೋದಳು. ನನ್ನನ್ನು ಶಾಲೆಗೆ ಸೇರಿಸಿದಳು. ಅವಳು ಶಾಲೆಯ ಹೊಸ್ತಿಲು ತುಳಿದವಳಲ್ಲ. ನಾನು ತುಳಿದೆ, ಆದರೆ ಹಿತ್ತಲ ಬಾಗಿಲಿನಿಂದ ಹೊರಟುಬಿಡುತ್ತಿದ್ದೆ. ಕೋಟೆಯ ಹತ್ತಿರ ಎತ್ತು ಕಟ್ಟಿ ಸುಣ್ಣ ಮರಳು ಅರೆಯುವ ಗಾರೆಗಾಣ ಇತ್ತು. ಅದರ ಕಲ್ಲಿನ ಚಕ್ರ ಕಿರ್ರೆಂದು ಸುತ್ತುವುದನ್ನು ನೋಡುವುದೇ ನನಗೆ ಪಾಠ. ಮೂರನೇ ತರಗತಿಯಲ್ಲಿ ಮೇಷ್ಟ್ರು ಅಕ್ಕನನ್ನು ಕರೆಸಿ, "ನಿನ್ನ ತಮ್ಮನಿಗೆ ಎತ್ತಿನ ಬಾಲವೇ ಸರಸ್ವತಿ ಕಣಮ್ಮ" ಅಂದರು. ಅವಳು ಕಿವಿ ಹಿಂಡಿಕೊಂಡು ನನ್ನನ್ನು ಗಾಣಕ್ಕೇ ಕರೆದುಕೊಂಡು ಹೋದಳು. "ತಗೋ, ನೋಡಿದ್ದು ಸಾಕು. ಇನ್ಮೇಲೆ ಎತ್ತು ಹೊಡಿ" ಅಂದಳು.

ಅಲ್ಲಿ ನನ್ನ ಮೊದಲ ಮೇಸ್ತ್ರಿ ಅಬ್ದುಲ್ ಸಾಹೇಬರು. ಆ ಕಾಲದಲ್ಲಿ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದರು. ಅಂಟು ಹೆಚ್ಚುತ್ತದೆ, ಗೋಡೆ ಬಿರಿಯುವುದಿಲ್ಲ. ಬೆಲ್ಲದ ಹಂಡೆಯ ಕಾವಲಿಗೆ ನನ್ನನ್ನೇ ಇಟ್ಟದ್ದು ಅವರ ತಪ್ಪು. ಹಂಡೆ ಅರ್ಧ ಆಗಿದ್ದನ್ನು ನೋಡಿ ಅವರು, "ಅರೇ ಬೇಟಾ, ಗೋಡೆಗೆ ಹಾಕೋ ಬೆಲ್ಲ ಹೊಟ್ಟೆಗೆ ಹಾಕಿದ್ರೆ ಹೊಟ್ಟೆ ಗಟ್ಟಿಯಾಗ್ತದೆ, ಗೋಡೆ ಅಲ್ಲ" ಅಂದರು. ಮಾರನೆಯ ದಿನ ಹಂಡೆಯಲ್ಲಿ ಬೆಲ್ಲದ ನೀರಿನ ಬದಲು ಅಳಲೆಕಾಯಿ ನೀರು ತುಂಬಿಸಿಟ್ಟಿದ್ದರು. ಒಂದು ಲೋಟ ಕುಡಿದೆ. ಸಂಜೆಯವರೆಗೆ ಕೆರೆಯ ಕಡೆಗೆ ಓಡಾಡುವುದೇ ನನ್ನ ಕೆಲಸವಾಯಿತು. ಬೈಯದೆ ಬುದ್ಧಿ ಕಲಿಸುವ ಅಂಥ ಮೇಸ್ತ್ರಿಗಳು ಆಮೇಲೆ ನನಗೆ ಸಿಗಲಿಲ್ಲ. ನಾನೂ ಅಂಥವನಾಗಲಿಲ್ಲ.

ನಾನು ಮೇಸ್ತ್ರಿ ಆದದ್ದು ಹೇಗೆ ಎಂದು ಬರೆಯುವುದಿಲ್ಲ. ಸಾಹೇಬರ ಮೊಣಕಾಲು ಹಿಡಿದುಕೊಂಡಿತು, ಏಣಿ ಹತ್ತಲು ಆಗಲಿಲ್ಲ, ನಾನು ಹತ್ತಿದೆ. ಅಷ್ಟೇ. ಅಷ್ಟರಲ್ಲಿ ಅಕ್ಕನಿಗೆ ನನಗಿಂತ ದೊಡ್ಡ ಹೆಸರು ಬಂದಿತ್ತು. ತಾರಸಿ ಬಡಿಯುವ ಹೆಂಗಸರ ತಂಡಕ್ಕೆ ಅವಳೇ ಮುಂದಾಳು.

ತಾರಸಿ ಬಡಿಯುವುದು ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆಗ ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಕಲಸಿದ ಗಚ್ಚು ಹರಡುತ್ತಿದ್ದರು. ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಮರದ ಕೊಡತಿಯಿಂದ ಅದನ್ನು ಬಡಿಯಬೇಕು. ಬೆಲ್ಲದ ನೀರು ಚಿಮುಕಿಸುತ್ತ, ಕೊಡತಿ ಬಿದ್ದರೆ ಗುರುತು ಮೂಡದಷ್ಟು ಗಟ್ಟಿಯಾಗುವವರೆಗೆ ದಿನಗಟ್ಟಲೆ ಬಡಿಯಬೇಕು. ಬಡಿಯುವಾಗ ಹಾಡು. ಹಾಡಿನ ಒಂದೊಂದು ಪೆಟ್ಟಿಗೆ ಎಲ್ಲರ ಕೊಡತಿಯೂ ಒಟ್ಟಿಗೆ ಬೀಳುತ್ತದೆ. ಒಂದು ನುಡಿ ಮುಗಿದರೆ ಇಡೀ ಸಾಲು ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ಹೀಗಾಗಿ ಯಾವ ಜಾಗವೂ ತಪ್ಪುವುದಿಲ್ಲ, ಯಾವ ಜಾಗಕ್ಕೂ ಪೆಟ್ಟು ಕಡಿಮೆಯಾಗುವುದಿಲ್ಲ.

ಗಿರಿಜಕ್ಕನ ಹಾಡುಗಳಿಗೆ ಹಿಂದು ಮುಂದು ಇರುತ್ತಿರಲಿಲ್ಲ. ಕಣ್ಣಿಗೆ ಬಿದ್ದವರ ಮೇಲೆ ಕಟ್ಟುತ್ತಿದ್ದಳು. ನಮ್ಮ ಓವರ್‌ಸಿಯರ್ ಶ್ರೀನಿವಾಸಯ್ಯನವರು ಮಳೆ ಇರಲಿ ಇಲ್ಲದಿರಲಿ ಕೊಡೆ ಹಿಡಿದೇ ಬರುವವರು. ಅವರು ಕೆಳಗೆ ಕಾಣಿಸಿದ ಕೂಡಲೇ ಮೇಲಿನಿಂದ ಶುರು:

"ಕೊಡೆಯ ಕೆಳಗೆ ನಿಂತಾನವ್ವ ಕೊಡತಿ ಹಿಡಿಯದ ದೊರೆ,
ಬಿಸಿಲು ನಮ್ಮ ಬೆನ್ನಿಗಿರಲಿ, ನೆರಳು ಅವಗಿರಲಿ!"

ಅವರು ಕೇಳಿಸದವರಂತೆ ಕೊಡೆಯನ್ನು ಇನ್ನಷ್ಟು ಕೆಳಗಿಳಿಸಿ ನಡೆಯುತ್ತಿದ್ದರು.

ರಾಜ್ಯ ಒಂದಾದ ಆಸುಪಾಸಿನ ಮಾತು ಇದು. ಭದ್ರಾವತಿಯ ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಿದ್ದರು. ಹೊಳೆಯ ಹತ್ತಿರದ ಆ ಹಳೇ ಶಾಲೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳೂ ಕೂತು ಕನ್ನಡ ಕಲಿಯುತ್ತಿದ್ದರು. ಕೂತು ಎಂದರೆ ಒಬ್ಬರ ಮಂಡಿಯ ಮೇಲೆ ಇನ್ನೊಬ್ಬರು. ಕಟ್ಟಡ ಒಂದು ಕಾಲಕ್ಕೆ ಭತ್ತ ತುಂಬುವ ಕಣಜವಾಗಿತ್ತಂತೆ. ಗೋಡೆ ಆನೆಯಷ್ಟು ದಪ್ಪ, ಕಿಟಕಿ ಆನೆಯ ಕಣ್ಣಿನಷ್ಟು. ಒಂದು ಕಡೆ ಮಾಡು ಕುಸಿದಿತ್ತು. ಕೆಡವಿ ಹೊಸದು ಕಟ್ಟೋಣ ಎಂದವರೂ ಇದ್ದರು. ಹೆಡ್‌ಮೇಷ್ಟ್ರು ಕೃಷ್ಣಮೂರ್ತಿಯವರು, "ಗೋಡೆಗೇನಾಗಿದೆ? ಕಣ್ಣು ತೆರೆಸಿ ಸಾಕು" ಅಂದರು. ಕುಸಿದ ಕಡೆ ತಾರಸಿ ಹಾಕಿದ ಒಂದು ಹಾಲ್, ಬೀದಿಯ ಕಡೆಗೆ ಜಗಲಿ, ದೊಡ್ಡ ಕಿಟಕಿಗಳು. ಹಗಲು ಮಕ್ಕಳಿಗೆ, ಸಂಜೆ ಊರಿನ ದೊಡ್ಡವರಿಗೆ ಅಕ್ಷರ ಕಲಿಯಲು. ಇದು ಅವರ ಆಸೆ.

ಕಿಟಕಿಯ ವಿಷಯದಲ್ಲಿ ದೊಡ್ಡ ಜಗಳವೇ ಆಯಿತು. ಮಕ್ಕಳ ಕಣ್ಣಿನ ಎತ್ತರಕ್ಕೆ ಬರಬೇಕು ಎಂದರು ಮೇಷ್ಟ್ರು.

"ಹುಡುಗರು ಹೊರಗೆ ನೋಡ್ತಾ ಕೂರ್ತಾರೆ ಸ್ವಾಮಿ" ಎಂದರು ಓವರ್‌ಸಿಯರ್.

"ನೋಡ್ಲಿ ಬಿಡಿ. ಹೊಳೆ ಕಾಣ್ತದೆ. ಭೂಗೋಳ ಅರ್ಧ ಅಲ್ಲೇ ಮುಗೀತು."

"ಎಮ್ಮೆ ಮೈ ತೊಳೆಯೋದೂ ಕಾಣ್ತದೆ."

"ಅದು ಪ್ರಾಣಿಶಾಸ್ತ್ರ!"

ಓವರ್‌ಸಿಯರ್ ನಕ್ಕುಬಿಟ್ಟರು. ಕಿಟಕಿ ಕೆಳಕ್ಕೆ ಬಂತು. ಮೊದಲ ಕಿಟಕಿಗೆ ಗೋಡೆ ಒಡೆದ ದಿನ ಒಳಗೆ ಬಿಸಿಲು ಬಿದ್ದಾಗ ಮಕ್ಕಳು ಹೋ ಎಂದು ಕೂಗಿ, ಬಿಸಿಲಿನ ಚೌಕದೊಳಗೆ ಕೂರಲು ಒಬ್ಬರನ್ನೊಬ್ಬರು ತಳ್ಳಾಡಿದರು. ನಾನು ಮುಂದೆ ಎಷ್ಟೋ ಕಟ್ಟಡ ಕಟ್ಟಿದೆ. ಅಷ್ಟು ಬೇಗ ಉಪಯೋಗಕ್ಕೆ ಬಂದ ಕಿಟಕಿ ಇನ್ನೊಂದನ್ನು ಕಾಣೆ.

ಬೇಸಿಗೆ ಮುಗಿಯುವ ಮೊದಲು ತಾರಸಿಗೆ ಕೈ ಹಾಕಿದೆವು. ಗಿರಿಜಕ್ಕನ ತಂಡ ಬೆಳಗಿನ ರೈಲಿಗೆ ಶಿವಮೊಗ್ಗದಿಂದ ಬರುತ್ತಿತ್ತು. ಭದ್ರಾವತಿಯ ಮುನಿಯಮ್ಮ ಎಂಬಾಕೆಯೂ ಸೇರಿಕೊಂಡಳು. ಅಕ್ಕ ಕನ್ನಡದಲ್ಲಿ ಎತ್ತಿಕೊಂಡರೆ ಅವಳು ತಮಿಳಿನಲ್ಲಿ ಮುಗಿಸುತ್ತಿದ್ದಳು. ಕೆಳಗೆ ಉಳಿದ ಕೋಣೆಗಳಲ್ಲಿ ಪರೀಕ್ಷೆಯ ಓದು ನಡೆದಿತ್ತು. ಮಕ್ಕಳ ಕಿವಿ ಪೂರಾ ಮಾಳಿಗೆಯ ಮೇಲೆ. ಉಕ್ತಲೇಖನ ಕೊಟ್ಟರೆ ಅರ್ಧ ಸ್ಲೇಟುಗಳಲ್ಲಿ ಕೊಡೆಯ ದೊರೆಯ ಹಾಡು ಬಂದಿತ್ತಂತೆ.

ಇನ್ಸ್‌ಪೆಕ್ಟರು ಶಾಲೆಯ ತಪಾಸಣೆಗೆ ಬರುವ ಸುದ್ದಿ ಬಂತು. ಹೆಡ್‌ಮೇಷ್ಟ್ರು ನನ್ನನ್ನು ಕರೆದು, "ರುದ್ರಪ್ಪ, ಅವರು ಇರೋ ಹೊತ್ತಿನಲ್ಲಿ ಹಾಡು ಸ್ವಲ್ಪ ಮೆಲ್ಲಗೆ ಇರ್ಲಿ ಅಂತ ಅಕ್ಕನಿಗೆ ಹೇಳಪ್ಪ" ಅಂದರು.

ಇದು ನನ್ನ ಮೊದಲ ಸ್ವಂತ ಮೇಸ್ತ್ರಿಕೆ. ಮೆಲ್ಲಗೆ ಎಂದು ಹೇಳಿದವರ ಮುಂದೆ ಪೂರಾ ನಿಲ್ಲಿಸಿ ತೋರಿಸಿದರೆ ಒಳ್ಳೆಯ ಮೇಸ್ತ್ರಿ ಅನ್ನಿಸಿಕೊಳ್ಳುತ್ತೇನೆ ಎಂದು ನನ್ನ ತಲೆಗೆ ಹೊಕ್ಕಿತು. ಏಣಿ ಹತ್ತಿ ಹೋಗಿ, "ಹಾಡು ಬಂದ್. ಕೆಲಸ ಮುಗಿಯೋವರೆಗೂ ಯಾರೂ ಬಾಯಿ ಬಿಡೋ ಹಾಗಿಲ್ಲ" ಅಂದೆ.

"ಪಾಟ್ಟು ಇಲ್ದೆ ಕೈ ಓಡಲ್ಲ ಮೇಸ್ತ್ರಿ" ಎಂದಳು ಮುನಿಯಮ್ಮ.

ಅಕ್ಕ ಕೊಡತಿ ಕೆಳಗಿಟ್ಟಳು. "ರುದ್ರಾ, ಹಾಡು ನಿಂತ್ರೆ ಪೆಟ್ಟು ಒಡೀತದೆ ಕಣೋ. ನಿನ್ನೆ ಬಡಿದದ್ದು, ಇವತ್ತು ಬಡಿಯೋದು, ಎರಡೂ ಸೇರೋ ಜಾಗ ಬಾಯಿ ಬಿಡ್ತದೆ."

"ಮೇಸ್ತ್ರಿ ನೀನೋ ನಾನೋ?" ಅಂದೆ, ಎಲ್ಲರ ಮುಂದೆ.

ಅವಳು ಕೊಡತಿ ಎತ್ತಿಕೊಂಡಳು. ಕೊಡತಿಗಳು ಬೀಳತೊಡಗಿದವು, ಒಬ್ಬೊಬ್ಬರದು ಒಂದೊಂದು ದಾರಿ. ಹುರಿಯುವ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಸದ್ದು. ಸಾಲು ಯಾವಾಗ ಸರಿಯಬೇಕು ಎನ್ನುವುದೇ ಯಾರಿಗೂ ತಿಳಿಯದು. ಇನ್ಸ್‌ಪೆಕ್ಟರು ಬಂದರು, ಹೋದರು. ನಾನು ಹಾಡನ್ನು ಮತ್ತೆ ಶುರುಮಾಡಿ ಎನ್ನಲಿಲ್ಲ. ಒಮ್ಮೆ ಆಡಿದ ಮಾತು ಹಿಂದೆ ತೆಗೆದುಕೊಂಡರೆ ಮೇಸ್ತ್ರಿಯ ಮರ್ಯಾದೆ ಏನಾಗಬೇಕು!

ಬಡಿದ ತಾರಸಿಗೆ ನೀರು ಕಟ್ಟಿ, ಸೋರುತ್ತದೆಯೇ ಎಂದು ನೋಡುವುದು ಪದ್ಧತಿ. ಶಾಲೆ ತೆರೆಯುವ ದಿನ ಹತ್ತಿರ ಬಂತೆಂದು ಅದನ್ನೂ ಬಿಟ್ಟೆ. ಮಳೆಯೇ ಆ ಕೆಲಸ ಮಾಡಿತು.

ಹೊಸ ಹಾಲಿನಲ್ಲಿ ಮಕ್ಕಳು ಕೂತಿದ್ದರು. ಊರಿನ ಹಿರಿಯರು ನೋಡಲು ಬಂದಿದ್ದರು. ಹೆಡ್‌ಮೇಷ್ಟ್ರು ನಾಲ್ಕು ಮಾತಾಡಲು ಎದ್ದು ನಿಂತರು. ಅವರ ಬೋಳು ತಲೆಯ ನಟ್ಟನಡುವೆ ಮೊದಲ ಹನಿ ಬಿತ್ತು. ಮಕ್ಕಳು ನಕ್ಕರು. ಇನ್ನೊಂದು ಬಿತ್ತು. ಆಮೇಲೆ ತಾರಸಿಯ ಉದ್ದಕ್ಕೂ ಒಂದು ಗೆರೆ ಎಳೆದ ಹಾಗೆ ನೀರು ಇಳಿಯಿತು. ಅಕ್ಕ ಹೇಳಿದ್ದ ಜಾಗವೇ. ಓವರ್‌ಸಿಯರ್ ತಮ್ಮ ಕೊಡೆಯನ್ನು ಒಳಗೇ ಬಿಚ್ಚಿ, "ಏನಿದು ರುದ್ರಪ್ಪ?" ಅಂದರು. ಎಲ್ಲರೂ ನನ್ನತ್ತ ತಿರುಗಿದರು.

"ಹೆಂಗಸರು ಸರಿಯಾಗಿ ಬಡಿದಿಲ್ಲ ಸಾರ್. ಮಾತಾಡ್ತಾ ಕೂತ್ಬಿಟ್ರು" ಅಂದೆ.

ಬಾಯಿ ಮುಚ್ಚಿಸಿದ್ದವನು ನಾನು. ಮಾತಾಡಿದರು ಎಂದವನೂ ನಾನೇ. ಅಕ್ಕ ಬಾಗಿಲ ಹತ್ತಿರ, ಸೋರುವ ಕಡೆ ಇಡಲು ಬಾಂಡ್ಲಿ ತಂದು ನಿಂತಿದ್ದಳು. ಅದನ್ನು ಮೆಲ್ಲಗೆ ಕೆಳಗಿಟ್ಟಳು. ಸೆರಗು ತಲೆಗೆ ಎಳೆದುಕೊಂಡು ಮಳೆಯಲ್ಲೇ ಸ್ಟೇಷನ್ನಿನ ಕಡೆ ಹೊರಟುಹೋದಳು.

ಗಾರೆ ಕೆಲಸದವರ ನಡುವೆ ಸುದ್ದಿ ರೈಲಿಗಿಂತ ಮುಂಚೆ ಊರು ಮುಟ್ಟುತ್ತದೆ. ಗಿರಿಜಮ್ಮನ ತಂಡ ಬಡಿದದ್ದು ಸೋರುತ್ತದೆ ಎಂದು ಕೋಟೆಯಿಂದ ಆಯನೂರಿನವರೆಗೆ ಹರಡಿತು. ಯಾವ ಮೇಸ್ತ್ರಿಯೂ ಅವಳನ್ನು ಕರೆಯಲಿಲ್ಲ. ತಂಡ ಚದುರಿತು. ಮುನಿಯಮ್ಮ ಗಂಡನ ಜೊತೆ ಬೇರೆ ಊರಿಗೆ ಹೋದಳಂತೆ. ನನಗೂ ಅಕ್ಕನಿಗೂ ಒಂದೇ ಮನೆ, ನಡುವೆ ಒಂದು ಗೋಡೆ. ಅವಳು ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಎಂದಿನ ಹಾಗೆ ಹುರುಳಿ ಸಾರು ಮಾಡಿದ ದಿನ ಒಂದು ಪಾತ್ರೆ ನನ್ನ ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಆ ಸಾರು ಉಂಡು ಪಾತ್ರೆ ತೊಳೆದಿಡುತ್ತಿದ್ದೆ. ಆದರೂ ನಾನು ನಿಜ ಬಾಯಿ ಬಿಡಲಿಲ್ಲ. ಆಮೇಲೆ ಅವಳು ಹೊಳಲೂರಿನ ನಮ್ಮ ಚಿಕ್ಕಮ್ಮನ ಮನೆಗೆ, ನಾಟಿ ಕೆಲಸಕ್ಕೆಂದು ಹೊರಟುಹೋದಳು.

ದೀಪಾವಳಿ ಕಳೆದ ಮೇಲೆ ಓವರ್‌ಸಿಯರ್, ಒಡೆದ ಕಡೆಯ ಗಚ್ಚು ಕಿತ್ತು ಹೊಸದಾಗಿ ಬಡಿಸು, ಬೇರೆ ತಂಡ ತಾ ಎಂದರು. ತಂದೆ. ಅವರು ಹೊಸಬರು, ಹಾಡು ಬಾರದು. ನಾನೇ ಹೇಳಿಕೊಡುತ್ತೇನೆ ಎಂದು ಕುಕ್ಕರಗಾಲಿನಲ್ಲಿ ಕೂತು ಎತ್ತಿಕೊಂಡೆ. ಕೆಳಗೆ ಪಾಠ ನಿಂತುಹೋಯಿತು. ಹೆಂಗಸರು ಕೊಡತಿ ಬಿಟ್ಟು ಹೊಟ್ಟೆ ಹಿಡಿದುಕೊಂಡರು.

"ಮೇಸ್ತ್ರಿ, ನಿಮ್ಮ ಹಾಡಿಗೆ ಗಚ್ಚು ಗಟ್ಟಿಯಾಗಲ್ಲ, ಹಾಲು ಒಡೀತದೆ ಅಷ್ಟೆ" ಅಂದಳು ಒಬ್ಬಳು.

ಹೆಡ್‌ಮೇಷ್ಟ್ರು ನಗುತ್ತ ಏಣಿ ಹತ್ತಿ ಬಂದರು. "ರುದ್ರಪ್ಪ, ನಿಮ್ಮಕ್ಕ ಎಷ್ಟು ಚೆನ್ನಾಗಿ ಹಾಡೋರು! ನಡುವೆ ಯಾಕೆ ನಿಲ್ಲಿಸಿಬಿಟ್ರು? ಮೆಲ್ಲಗೆ ಅಂತ ತಾನೆ ನಾನು ಅಂದಿದ್ದು. ಬೇಜಾರಾಯ್ತೇನೋ ಅಂತ ನನಗೂ ಚುಚ್ತಾ ಇತ್ತು."

ಮಾಡದ ತಪ್ಪಿಗೆ ಆ ಮನುಷ್ಯ ಅಷ್ಟು ತಿಂಗಳು ಕೊರಗಿದ್ದರು. ನಾನು ಆ ಮಧ್ಯಾಹ್ನವೇ ಹೊರಟು ಹೊಳಲೂರಿಗೆ ಹೋದೆ.

ಅಕ್ಕ ಕಣದಲ್ಲಿ ಭತ್ತ ತೂರುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಡಲಿಲ್ಲ.

"ಅಕ್ಕಾ, ತಪ್ಪಾಯ್ತು. ಬಾ, ತಾರಸಿ ಬಡಿಯೋಣ" ಅಂದೆ.

"ಇಲ್ಲಿ ಯಾರಿದ್ದಾರೆ ನೋಡು" ಅಂದಳು. ನೋಡಿದೆ. ಎರಡು ಎತ್ತು, ಒಂದು ಕೋಳಿ.

"ತಪ್ಪಾಯ್ತು ಅಂತ ಎತ್ತಿನ ಮುಂದೆ ಹೇಳ್ತೀಯಲ್ಲ ಮಾರಾಯ. ನೀನು ಸಣ್ಣೋನಿದ್ದಾಗಿಂದ ನಿನ್ನ ಮಾತೆಲ್ಲ ಎತ್ತಿನ ಹತ್ರಾನೇ. ಯಾರ ಮುಂದೆ ನನ್ನ ಹೆಸರು ಕೆಡಿಸಿದೆಯೋ ಅವರ ಮುಂದೆ ಹೇಳು. ನಾನು ಬರ್ತೀನಿ. ಬಾಗಿಲಲ್ಲಿ ನಿಂತಿರ್ತೀನಿ."

ಶನಿವಾರ ಬೆಳಗಿನ ಶಾಲೆ. ಓವರ್‌ಸಿಯರ್ ಬಂದಿದ್ದರು. ಹೆಡ್‌ಮೇಷ್ಟ್ರು ಹಿರಿಯರನ್ನು ಕರೆಸಿದ್ದರು. ಮಕ್ಕಳು ಕೂತಿದ್ದರು. ಅಕ್ಕ ಬಾಗಿಲಲ್ಲಿ ನಿಂತಳು. ನಾನು ಎಲ್ಲರ ಮುಂದೆ ನಿಂತು, "ಹೆಂಗಸರು ಮಾತಾಡಲಿಲ್ಲ. ಹಾಡು ನಿಲ್ಲಿಸಿದವನು ನಾನು. ಸೋರ್ತದೆ ಅಂತ ಅಕ್ಕ ಮೊದಲೇ ಹೇಳಿದ್ದಳು. ನೀರು ಕಟ್ಟಿ ನೋಡಲಿಲ್ಲ. ಆಮೇಲೆ ಸುಳ್ಳು ಹೇಳಿದೆ" ಅಂದೆ. ಹೇಳಲು ಎಷ್ಟು ಸಣ್ಣ ಮಾತು! ಅದನ್ನು ಒಂದು ಮಳೆಗಾಲ ಪೂರ್ತಿ ಹೊತ್ತಿದ್ದೆ.

ಓವರ್‌ಸಿಯರ್ ಕೊಡೆಯ ತುದಿಯಿಂದ ನನ್ನ ಎದೆ ಮುಟ್ಟಿ, "ನಿನ್ನ ತೆಗೆದು ಹಾಕಬೇಕು. ಆದ್ರೆ ಅದು ನಿನಗೆ ಸುಲಭ. ಈ ತಾರಸಿ ಮುಗಿಯೋವರೆಗೆ ಇಲ್ಲಿ ಮೇಸ್ತ್ರಿ ಗಿರಿಜಮ್ಮ. ನೀನು ಬಾಂಡ್ಲಿ ಹೊರು" ಅಂದರು. ಮತ್ತೆ ಅಕ್ಕನ ಕಡೆ ತಿರುಗಿ, "ನನ್ನ ಮೇಲಿನ ಹಾಡು ಮಾತ್ರ ಸ್ವಲ್ಪ ಬದಲಾಯಿಸಮ್ಮ. ಮನೇಲಿ ನನ್ನ ಹೆಂಡತಿ ಕೂಡ ಹಾಡ್ತಾಳೆ" ಅಂದರು. ಹಾಲ್ ಹಾರಿಹೋಗುವಷ್ಟು ನಗು ಎದ್ದಿತು.

ಅಕ್ಕ ತಂಡವನ್ನು ಮತ್ತೆ ಕೂಡಿಸಿದಳು. ಮುನಿಯಮ್ಮ ಸಿಗಲಿಲ್ಲ. ಎಲ್ಲೆಲ್ಲೋ ವಿಚಾರಿಸಿದೆವು. ಇವತ್ತಿಗೂ ಅವಳ ಮನಸ್ಸಿನಲ್ಲಿ ನಾನು ಸುಳ್ಳು ಹೇಳಿದ ಮೇಸ್ತ್ರಿಯೇ. ಆಡಿದ ಸುಳ್ಳು ಎಲ್ಲೆಲ್ಲಿಗೆ ಹೋಗುತ್ತದೋ ಅಲ್ಲೆಲ್ಲ ನಿಜ ಹೋಗಿ ಮುಟ್ಟುವುದಿಲ್ಲ. ಹುಡುಗರೇ, ಇದೊಂದನ್ನು ನೆನಪಿಟ್ಟುಕೊಳ್ಳಿ.

ಉಳಿದದ್ದು ಹಬ್ಬ. ಹೊರುವ ವಯಸ್ಸು ದಾಟಿದ ನನ್ನನ್ನು ಅಕ್ಕ ಮೇಲಿನಿಂದ, "ಏ ಹುಡುಗಾ, ನೀರು!" ಎಂದು ಕೂಗುತ್ತಿದ್ದಳು. ಮಕ್ಕಳೂ ಕಲಿತುಕೊಂಡು, "ಏ ಹುಡುಗಾ!" ಎನ್ನತೊಡಗಿದರು. ಈ ಸಲ ಹಾಡಿಗೂ ಪಾಠಕ್ಕೂ ಜಗಳ ಬರಬಾರದೆಂದು ಹೆಡ್‌ಮೇಷ್ಟ್ರು ಒಂದು ಉಪಾಯ ತೆಗೆದರು. ಮಕ್ಕಳನ್ನು ಅಂಗಳದಲ್ಲಿ ಕೂರಿಸಿ, ಬಡಿಯುವ ಹೊತ್ತಿಗೇ ಮಗ್ಗಿ ಹೇಳಿಸಿದರು. ಕೆಳಗಿನಿಂದ "ಏಳೊಂದ್ಲ ಏಳು" ಎಂದರೆ ಮೇಲಿನಿಂದ ಧಬ್. "ಏಳೆರಡ್ಲ ಹದಿನಾಲ್ಕು", ಧಬ್. ಒಂದು ಮಗ್ಗಿ ಮುಗಿದರೆ ಸಾಲು ಒಂದು ಗೇಣು ಹಿಂದಕ್ಕೆ. ಹಾಡಿನ ನುಡಿಯ ಜಾಗದಲ್ಲಿ ಮಗ್ಗಿ ಅಷ್ಟು ಸರಿಯಾಗಿ ಕೂತಿತು. ಹತ್ತರವರೆಗೆ ಕುದುರೆ ಓಡಿದ ಹಾಗೆ ಓಡಿತು. ಹದಿಮೂರರ ಮಗ್ಗಿಗೆ ಬಂದಾಗ ಮಕ್ಕಳು ತೊದಲಿದರು, ಕೊಡತಿಗಳೂ ತೊದಲಿದವು.

ಅಕ್ಕ ಅಂಚಿಗೆ ಬಂದು ಕೂಗಿದಳು: "ಮೇಷ್ಟ್ರೇ, ನಿಮ್ಮ ಮಕ್ಕಳು ಹದಿಮೂರರಲ್ಲಿ ತಪ್ಪಿದ್ರೆ ನಮ್ಮ ತಾರಸಿ ಸೋರ್ತದೆ! ಬಾಯಿಪಾಠ ಮಾಡಿಸ್ಕೊಂಡು ಬನ್ನಿ!"

"ಇನ್ನೊಂದ್ಸಲ ಹೇಳ್ರೋ! ಮಾಳಿಗೆ ಮೇಲೆ ಇನ್ಸ್‌ಪೆಕ್ಟರಮ್ಮ ಕೂತಿದ್ದಾರೆ!" ಎಂದರು ಮೇಷ್ಟ್ರು.

ಬೀದಿಯ ಜನ ಹೊಸ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಕಾರ್ಖಾನೆಯ ಪಾಳಿ ಮುಗಿಸಿ ಬಂದವರೂ ಮಕ್ಕಳ ಜೊತೆ ಮಗ್ಗಿಗೆ ದನಿ ಸೇರಿಸುತ್ತಿದ್ದರು. ಸಂಜೆಯ ಅಕ್ಷರದ ತರಗತಿಗೆ ಮೊದಲು ಬಂದು ಕೂತವರು ಇವರೇ.

ಈಗ ಕಬ್ಬಿಣ ಕಟ್ಟಿ, ಕಾಂಕ್ರೀಟು ಸುರಿದು, ಯಂತ್ರ ಹಿಡಿದು ಅಲುಗಿಸಿದರೆ ತಾರಸಿ ಆಯಿತು. ಬೇಗ ಆಗುತ್ತದೆ, ಗಟ್ಟಿಯೂ ಇರುತ್ತದೆ. ನಾನೇ ಎಷ್ಟೋ ಹಾಕಿಸಿದ್ದೇನೆ, ಹಳೆಯದೇ ಒಳ್ಳೆಯದು ಎಂದು ಹಟ ಹಿಡಿಯುವುದಿಲ್ಲ. ಒಂದೇ ವ್ಯತ್ಯಾಸ. ಯಂತ್ರದ ಹತ್ತಿರ ನಿಂತರೆ ಪಕ್ಕದವನು ಹೇಳಿದ್ದು ಕೇಳಿಸುವುದಿಲ್ಲ. ಅದಕ್ಕೇ ಹೇಳುತ್ತೇನೆ, ಸೋರ್ತದೆ ಎಂದು ಯಾರಾದರೂ ಬಾಯಿ ಆಡಿಸಿದ್ದು ಕಂಡರೆ ಯಂತ್ರ ನಿಲ್ಲಿಸಿ ಕೇಳಿ.

ಬಡಿದು ಮುಗಿಯಿತು. ಈ ಸಲ ನೀರು ಕಟ್ಟಿ ನೋಡಿಯೇ ತೀರಬೇಕೆಂದು ಅಕ್ಕ ತಾರಸಿಯ ಸುತ್ತ ಮಣ್ಣಿನ ಬದು ಕಟ್ಟಿಸಿದಳು. ಹೊಳೆಯಿಂದ ಸಾಲು ನಿಂತು ನೀರು ತಂದೆವು. ಮಕ್ಕಳು ತಂಬಿಗೆಯಲ್ಲಿ, ಹಿರಿಯರು ಕೊಡದಲ್ಲಿ, ಹೆಡ್‌ಮೇಷ್ಟ್ರು ಕಚ್ಚೆ ಕಟ್ಟಿ ಬಕೀಟಿನಲ್ಲಿ. ಮಾಳಿಗೆಯ ಮೇಲೆ ಒಂದು ಸಣ್ಣ ಕೆರೆಯೇ ನಿಂತಿತು. ನೀರು ನಿಂತ ಮೇಲೆ ಎಲ್ಲರೂ ಹಾಲಿನೊಳಗೆ ಬಂದು ಕತ್ತು ಮೇಲೆತ್ತಿದರು. ಓವರ್‌ಸಿಯರ್ ಕೊಡೆ ಬಿಚ್ಚಿಕೊಂಡೇ ಒಳಗೆ ಬಂದರು.

ನನಗೆ ಮೇಲೆ ನೋಡಲು ಧೈರ್ಯವಿರಲಿಲ್ಲ. ಸೋರಿದರೆ ಈ ಸಲ ಅಕ್ಕನ ಹೆಸರು ನಿಜವಾಗಿಯೂ ಹೋಗುತ್ತದೆ. ಹೋದರೆ ಅದಕ್ಕೂ ಮೂಲ ನಾನೇ.

ಅಕ್ಕ ಕೊನೆಗೆ ಬಂದಳು. ಒಂದು ಗೋಣಿಚೀಲ ತಂದು, ಹಿಂದೆ ಗೆರೆ ಎಳೆದ ಹಾಗೆ ಸೋರಿತ್ತಲ್ಲ, ಸರಿಯಾಗಿ ಅದರ ಕೆಳಗೆ ಹಾಸಿದಳು. ತಲೆಗೆ ಕೈ ಕೊಟ್ಟು ಮಲಗಿಬಿಟ್ಟಳು.

"ಏನಮ್ಮ ಇದು?" ಎಂದರು ಓವರ್‌ಸಿಯರ್.

"ಬೆಳಗ್ಗೆಯಿಂದ ನೀರು ಹೊತ್ತು ಸೊಂಟ ಬಿದ್ದೋಗಿದೆ ಸಾರ್. ಇಡೀ ಶಾಲೇಲಿ ಒಣಗಿರೋ ಜಾಗ ಇದೊಂದೇ. ನೀವೆಲ್ಲ ನೋಡ್ತಾ ಇರಿ" ಎಂದು ಕಣ್ಣು ಮುಚ್ಚಿದಳು. ಮುಚ್ಚಿಕೊಂಡೇ, "ರುದ್ರಾ, ಅಲ್ಲಿ ಕಂಬದ ಹಾಗೆ ಯಾಕೆ ನಿಂತಿದ್ದೀಯೋ, ಇತ್ಲಾಗೆ ಬಾ" ಅಂದಳು.

ಹೋಗಿ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವಳು ನಿಜವಾಗಿಯೂ ಗೊರಕೆ ಹೊಡೆಯತೊಡಗಿದಳು. ಓವರ್‌ಸಿಯರ್ ತಲೆ ಎತ್ತಿ ಬಹಳ ಹೊತ್ತು ನೋಡಿ, ಕೊಡೆ ಮಡಿಸಿಕೊಂಡು ತುದಿಗಾಲಿನಲ್ಲಿ ಹೊರಗೆ ಹೋದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮೇಲೆ ಅಷ್ಟು ನೀರು ನಿಂತಿತ್ತು, ಕೆಳಗೆ ಒಂದು ಹನಿಯಿಲ್ಲ. ನಾನು ಹೆಗಲ ಟವೆಲು ತೆಗೆದು, ಅಕ್ಕನ ಮುಖದ ಮೇಲೆ ಕೂರಲು ಬರುತ್ತಿದ್ದ ನೊಣ ಓಡಿಸುತ್ತ ಕೂತೆ.